ಚಾರ್ಜರ್ ವೈರ್ ಸೊಟ್ಟ ಹಿಡಿದ್ರೆ ಮಾತ್ರ ಚಾರ್ಜ್ ಆಗ್ತಿದೆ, ಮನೇಲೇ ರಿಪೇರಿ ಮಾಡಿದೋರು ಇದೀರಾ?

ಲ್ಯಾಪ್‌ಟಾಪ್ ಚಾರ್ಜರ್ ವೈರ್ ಒಂದು ಕೋನದಲ್ಲಿ ಇಟ್ರೆ ಚಾರ್ಜ್ ಆಗುತ್ತೆ, ಸ್ವಲ್ಪ ಅಲ್ಲಾಡಿದ್ರೆ ನಿಂತೋಗುತ್ತೆ, ಈಗ ವೈರ್ ಕೆಳಗೆ ಬೆಂಕಿಪೊಟ್ಟಣ ಇಟ್ಕೊಂಡು ಕೆಲ್ಸ ಮಾಡ್ತಿದೀನಿ. ಎರಡು ದಿನದಿಂದ ಆನ್ ಮಾಡಿದ ತಕ್ಷಣ ಅಡಾಪ್ಟರ್ ಯಾವ್ದು ಅಂತ ಗುರುತು ಸಿಗ್ತಿಲ್ಲ ಅಂತ ಇಂಗ್ಲಿಷಲ್ಲಿ ಏನೋ ಬರ್ತಿದೆ, ಸಿಸ್ಟಮ್ಮೂ ಆಮೆ ಥರ ಆಗಿದೆ. 19.5 ವೋಲ್ಟ್, 65 ವ್ಯಾಟ್ ಅಡಾಪ್ಟರ್. ಅಂಗಡಿಯವ್ರು ಹೊಸದೇ ತಗೊಳ್ಳಿ ಅಂತಿದಾರೆ. ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತೆ. ಅನುಭವ ಇದ್ರೆ ಹೇಳಿ.

— ಮೊದ್ಲು ಗೋಡೆಯಿಂದ ಇಟ್ಟಿಗೆಗೆ (ಅಡಾಪ್ಟರಿನ ಕಪ್ಪು ಡಬ್ಬಿಗೆ) ಬರೋ ಮೂರು ಪಿನ್ ವೈರ್ ಬದಲಾಯಿಸಿ ನೋಡಿ. ಅದು ಎಲ್ಲಾ ಕಂಪನಿದೂ ಹೆಚ್ಚುಕಮ್ಮಿ ಒಂದೇ, ಪಕ್ಕದ ಮನೆಯವ್ರದ್ದೇ ಈಸ್ಕೊಂಡು ಹಾಕಿ. ನಾನು ಇದನ್ನ ನೋಡ್ದೆ ಹೊಸ ಅಡಾಪ್ಟರ್ ತಂದು, ಹಳೇ ಮೂರು ಪಿನ್ ವೈರನ್ನೇ ಅದಕ್ಕೂ ಚುಚ್ಚಿ, ಇದೂ ಕೆಟ್ಟಿದೆ ಅಂತ ಅಂಗಡೀಲಿ ಜಗಳ ಆಡಿ ಬಂದಿದೀನಿ 😀

— ಅವ್ರ ಕೇಸ್ ಅದಲ್ಲ ಅನ್ಸುತ್ತೆ, ಮೆಸೇಜ್ ಬರ್ತಿದೆ ಅಂದ್ಮೇಲೆ ತೊಂದ್ರೆ ಇಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ಹೋಗೋ ಸಣ್ಣ ವೈರಲ್ಲೇ ಇರ್ಬೇಕು. ಡೆಲ್, ಎಚ್‌ಪಿ ಜ್ಯಾಕ್ (ಲ್ಯಾಪ್‌ಟಾಪಿಗೆ ಚುಚ್ಚೋ ತುದಿ) ಒಳಗೆ ನಡುವೆ ಸೂಜಿ ಥರ ಒಂದು ಪಿನ್ ಇರುತ್ತಲ್ಲ, ಅದ್ರಲ್ಲಿ ಕರೆಂಟ್ ಬರಲ್ಲ, ಅಡಾಪ್ಟರ್ ತಾನು ಎಷ್ಟು ವ್ಯಾಟ್ ಅಂತ ಲ್ಯಾಪ್‌ಟಾಪಿಗೆ ಹೇಳೋ ದಾರಿ ಅದು. ವೈರ್ ಒಳಗೆ ಆ ಪಿನ್ನಿಗೆ ಹೋಗೋ ಎಳೆ ಕಟ್ ಆದ್ರೆ 19.5 ವೋಲ್ಟ್ ಸರಿಯಾಗೇ ಬರ್ತಿದ್ರೂ ಲ್ಯಾಪ್‌ಟಾಪ್ ನಂಬಲ್ಲ, ಬ್ಯಾಟರಿ ಚಾರ್ಜ್ ನಿಲ್ಸಿ ಪ್ರೊಸೆಸರ್ ಸ್ಪೀಡ್ ಇಳಿಸಿಬಿಡುತ್ತೆ, ನಿಮ್ಮ ಆಮೆ ಕಥೆ ಅದೇ.

ಕತ್ತರಿ ಹಾಕೋಕ್ ಮುಂಚೆ ಎಲ್ಲಿ ಮುರಿದಿದೆ ಅಂತ ಹುಡ್ಕಿ. ಮಲ್ಟಿಮೀಟರನ್ನ (ವೋಲ್ಟ್ ಅಳೆಯೋ ಮೀಟರ್) ಡಿಸಿ 20 ವೋಲ್ಟಿಗೆ ಇಡಿ, ಬರೀ 1 ಅಂತ ತೋರಿಸಿದ್ರೆ 200ಕ್ಕೆ ತಿರುಗಿಸಿ. ಕಪ್ಪು ಕಡ್ಡಿ ಜ್ಯಾಕಿನ ಹೊರಮೈಗೆ, ಕೆಂಪು ಒಳಗೋಡೆಗೆ, ನಡುವಿನ ಸೂಜಿಗೆ ತಾಗಿಸ್ಬೇಡಿ. ಇನ್ನೊಬ್ರ ಕೈಲಿ ವೈರನ್ನ ಇಂಚಿಂಚು ಬಗ್ಗಿಸ್ತಾ ಹೋಗೋಕ್ ಹೇಳಿ, ಎಲ್ಲಿ ಬಗ್ಗಿಸಿದಾಗ ಓದಿಕೆ ದಬಕ್ಕಂತ ಬೀಳುತ್ತೋ ಅಲ್ಲೇ. ನಾನು ನೋಡಿದ ಹತ್ತರಲ್ಲಿ ಒಂಬತ್ತು, ಜ್ಯಾಕ್ ಹತ್ರ ಇಲ್ಲಾ ಇಟ್ಟಿಗೆ ಹತ್ರ ರಬ್ಬರ್ ಕುತ್ತಿಗೆ ಮುಗಿಯೋ ಜಾಗ, ನಾವೆಲ್ಲಾ ಇಟ್ಟಿಗೆಗೆ ವೈರ್ ಬಿಗಿಯಾಗಿ ಸುತ್ತಿ ಬ್ಯಾಗಿಗೆ ತುರುಕ್ತೀವಲ್ಲ ಅದ್ರ ಫಲ.

ಜ್ಯಾಕ್ ಕಡೆ ಹೋಗಿದ್ರೆ ಅಚ್ಚು ಹಾಕಿದ ಜ್ಯಾಕ್ ಬಿಚ್ಚಿ ಕೂರೋದು ವೇಸ್ಟ್, ಜ್ಯಾಕ್ ಸಮೇತ ಹೊಸ ವೈರ್ (ಡಿಸಿ ಕಾರ್ಡ್ ಅಂತಾರೆ) ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುತ್ತೆ, ಆದ್ರೆ ಮೂರು ಎಳೆ ಇರೋದೇ ಕೇಳಿ, ಎರಡೆಳೇದು ತಂದ್ರೆ ಮತ್ತೆ ಅದೇ ಮೆಸೇಜ್. ಬಣ್ಣ ನೋಡಿ ಜೋಡಿಸ್ಬೇಡಿ, ಒಬ್ಬೊಬ್ರದ್ದು ಒಂದೊಂದು ಬಣ್ಣ, ಮೀಟರಿನ ಬೀಪ್ ಮೋಡಲ್ಲಿ (ಸಂಪರ್ಕ ಇದ್ರೆ ಸದ್ದು ಮಾಡುತ್ತೆ) ಜ್ಯಾಕಿಂದ ಎಳೆಗೆ ಚೆಕ್ ಮಾಡಿ ಬರ್ಕೊಳ್ಳಿ. ಹಳೇ ಜ್ಯಾಕ್ ತುಂಡು ಅದಕ್ಕೇ ಬೇಕು, ಬಿಸಾಕ್ಬೇಡಿ. ಮೂರು ಬೆಸುಗೆ ಒಂದೇ ಜಾಗದಲ್ಲಿ ಬರದ ಹಾಗೆ ಹಿಂದೆಮುಂದೆ ಮಾಡಿ. ಹೀಟ್‌ಶ್ರಿಂಕ್ ಕೊಳವೆ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯಾಗೋದು) ಬೆಸುಗೆಗೆ ಮುಂಚೆನೇ ಪೋಣಿಸ್ಕೊಳ್ಳಿ.

— ಇಷ್ಟೆಲ್ಲಾ ಯಾಕೆ, ನಾನು ತಿರುಚಿ ಟೇಪ್ ಸುತ್ತಿ ಒಂದು ವರ್ಷದಿಂದ ಓಡಿಸ್ತಿದೀನಿ.

— ಅಲ್ಲಿ ಕೈ ಇಟ್ಟು ನೋಡಿದೀರಾ ಸಾರ್? 65 ವ್ಯಾಟ್ ಅಂದ್ರೆ 3.33 ಆಂಪಿಯರ್, ತಿರುಚಿದ ಜಾಗದಲ್ಲಿ ಅರ್ಧ ಓಮ್ ತಡೆ ಬಂದ್ರೂ ಐದೂವರೆ ವ್ಯಾಟ್ ಶಾಖ ಆ ಒಂದೇ ಗಂಟಲ್ಲಿ. ನಮ್ಮನೇಲಿ ಟೇಪಿನ ಅಂಟು ಕರಗಿ ಹಾಸಿಗೆಗೆ ಮೆತ್ಕೊಂಡಿತ್ತು, ಬೆಡ್‌ಶೀಟಲ್ಲಿ ಕಂದು ಕಲೆ ಇನ್ನೂ ಇದೆ. ಸೋಲ್ಡರ್ ಮಾಡ್ಸಿ.

— ಇಟ್ಟಿಗೆ ಮಾತ್ರ ಒಡೀಬೇಡಿ ಪ್ಲೀಸ್. ಒಳಗೆ ಕರೆಂಟ್ ಹಿಡಿದಿಡೋ ದೊಡ್ಡ ಕೆಪಾಸಿಟರಲ್ಲಿ 325 ವೋಲ್ಟ್ ಹತ್ರ ಇರುತ್ತೆ, ಪ್ಲಗ್ ಕಿತ್ಮೇಲೂ ಹೊಡೀಬಹುದು. ಇಟ್ಟಿಗೆ ಲೈಟ್ ಉರೀತಿದ್ದು ಜ್ಯಾಕ್ ಚುಚ್ಚಿದ ತಕ್ಷಣ ಆರಿದ್ರೆ ಲ್ಯಾಪ್‌ಟಾಪ್ ಒಳಗೆ ಶಾರ್ಟ್ ಇರೋ ಚಾನ್ಸ್ ಜಾಸ್ತಿ, ಅದಕ್ಕೆ ವೈರ್ ರಿಪೇರಿ ಉಪಯೋಗಕ್ಕೆ ಬರಲ್ಲ. ಹೊಸದೇ ತಗೊಂಡ್ರೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಅದ್ರ ಕೆಳಗೆ ಆರ್ ಅಕ್ಷರದ ಮುಂದೆ 8 ಅಂಕೆ ಇದೆಯಾ ನೋಡಿ. ವೋಲ್ಟ್ ಅಷ್ಟೇ ಇರ್ಬೇಕು, ಆಂಪಿಯರ್ ಜಾಸ್ತಿ ಇದ್ರೆ ಪರ್ವಾಗಿಲ್ಲ, ಕಮ್ಮಿ ಬೇಡ.

— ಕೇಳಿದೋನು ನಾನೇ. ತಂಗಿ ಕೈಲಿ ವೈರ್ ಬಗ್ಗಿಸ್ಸಿದೆ, ಜ್ಯಾಕ್ ಕಡೆ ಏನೂ ಇಲ್ಲ, ಇಟ್ಟಿಗೆ ಕಡೆ ಮುಟ್ಟಿದ ಕೂಡ್ಲೇ 19.4 ಇದ್ದಿದ್ದು 6ಕ್ಕೆ ಬಿತ್ತು. ಬ್ಲೇಡಲ್ಲಿ ರಬ್ಬರ್ ಸೀಳಿದ್ರೆ ಹೊರಗಿನ ಜಾಲರಿ ಕಪ್ಪಗಾಗಿ ನಾಲ್ಕೈದು ಎಳೆ ಮಾತ್ರ ಉಳಿದಿತ್ತು, ನಡುವಿನ ಸಣ್ಣ ಎಳೆ ಪೂರ್ತಿ ತುಂಡು. ಕೆಟ್ಟ ಭಾಗ ಕತ್ತರಿಸಿ ಬೆಸೆದೆ, ಮೆಸೇಜ್ ಹೋಯ್ತು, ಅರ್ಧ ಗಂಟೆ ಆದ್ಮೇಲೂ ಜಾಯಿಂಟ್ ತಣ್ಣಗಿದೆ. ಕೊಳವೆ ಪೋಣಿಸೋದು ಮರ್ತು ಒಂದ್ಸಲ ಎಲ್ಲಾ ಬಿಚ್ಚಿದ್ದು ಬೇರೆ ಮಾತು. ವೈರ್ ನಾಲ್ಕಿಂಚು ಗಿಡ್ಡ ಆಗಿ ಟೇಬಲ್ ಮೇಲಿಂದ ಇಟ್ಟಿಗೆ ನೇತಾಡ್ತಿದೆ, ಅದಕ್ಕೆ ಒಂದು ಸ್ಟೂಲ್ ಇಟ್ಟಿದೀನಿ.