ಸಹಾಯ ಬೇಕು: ಕಾಸರವಳ್ಳಿಯವರ ‘ಮನೆ’ ತೋರಿಸುವುದೋ, ‘ನಾಯಿ ನೆರಳು’ ತೋರಿಸುವುದೋ?

ನಮಸ್ಕಾರ. ಈ ಭಾನುವಾರ ಉಡುಪಿಯ ನಮ್ಮ ಮನೆಯಲ್ಲಿ ಹತ್ತು ಜನ ಸೇರಿ ಗಿರೀಶ್ ಕಾಸರವಳ್ಳಿಯವರ ಒಂದು ಸಿನಿಮಾ ನೋಡುವುದೆಂದು ಉಂಟು. ‘ಗುಲಾಬಿ ಟಾಕೀಸ್’ (2008) ಎಲ್ಲರಿಗೂ ಗೊತ್ತು, ನಮ್ಮ ಕರಾವಳಿಯದ್ದೇ ಕಥೆ ಅಲ್ವಾ. ಹಾಗಾಗಿ ಜಾಸ್ತಿ ಜನ ನೋಡದ್ದು ಬೇಕು.

ನನ್ನ ಮನಸ್ಸು ‘ಮನೆ’ ಕಡೆಗೆ. ಹಳ್ಳಿಯಿಂದ ಪೇಟೆಗೆ ಬಂದ ಗಂಡ ಹೆಂಡತಿ, ನಸೀರುದ್ದೀನ್ ಶಾ ಮತ್ತು ದೀಪ್ತಿ ನವಲ್. ಪಕ್ಕದ ಶೆಡ್ಡಿನ ಸದ್ದಿಗೆ ನೆಮ್ಮದಿ ಇಲ್ಲ. ಕಾಲೇಜಿನಲ್ಲಿ ನೋಡಿದಾಗ ಇದೆಂತ ಬರೀ ಗಲಾಟೆ ಅನ್ನಿಸಿತ್ತು. ಈಗ ನಮ್ಮ ಮನೆ ಹಿಂದೆಯೇ ಕಿಟಕಿ ಗ್ರಿಲ್ ಮಾಡುವ ಶೆಡ್ ಬಂದಿದೆ ಮಾರಾಯ್ರೆ. ಮೊನ್ನೆ ಮತ್ತೆ ನೋಡುವಾಗ ಬಡಿಯುವ ಸದ್ದು ಟಿವಿಯದ್ದೋ ಹೊರಗಿನದ್ದೋ ಗೊತ್ತಾಗದೆ ಎರಡು ಸಲ ನಿಲ್ಲಿಸಿ ಕಿವಿಗೊಟ್ಟೆ!

ಅಮ್ಮ ಮಾತ್ರ ಅರ್ಧಕ್ಕೆ ಎದ್ದು ಗಂಜಿಗೆ ಅಕ್ಕಿ ಹಾಕಲು ಹೋದರು. ಭೈರಪ್ಪನವರ ಕಾದಂಬರಿಯಿಂದ ಬಂದ ‘ನಾಯಿ ನೆರಳು’ (2006) ಪೂರ್ತಿ ನೋಡಿದರು. ಸತ್ತ ಮಗನೇ ಮರಳಿ ಹುಟ್ಟಿದ್ದಾನೆಂದು ಒಬ್ಬ ಹುಡುಗನನ್ನು ಮನೆಗೆ ಕರೆತರುತ್ತಾರೆ, ವಿಧವೆ ಸೊಸೆ ಅವನನ್ನು ಗಂಡ ಅಂತ ಒಪ್ಪಬೇಕು. "ಅವಳ ಹತ್ರ ಯಾರಾದ್ರೂ ಕೇಳಿದ್ರಾ?" ಅಂದರು. ಆಮೇಲೆ ರಾತ್ರಿ ಊಟದವರೆಗೂ ಅದೇ ಮಾತು.

ಗೆಳೆಯರನ್ನು ಕೇಳಿದರೆ "ಎರಡೂ ನಿಧಾನ" ಎಂದು ಜಾರಿಕೊಂಡರು. ಸುಮ್ನೆ ಚೀಟಿ ಎತ್ತಿದೆ, ‘ಮನೆ’ ಬಂತು. ಆದರೂ ಧೈರ್ಯ ಬರಲಿಲ್ಲ.

ನನ್ನ ಗೊಂದಲ ಇಷ್ಟೇ. ‘ಮನೆ’ ನನಗೆ ಹಿಡಿಸಿದ್ದು ಸಿನಿಮಾದಿಂದಲೋ, ಹಿಂದಿನ ಶೆಡ್ಡಿನಿಂದಲೋ? ಇಂಥ ಕಾಟ ಇಲ್ಲದೆ ‘ಮನೆ’ ನೋಡಿದವರಿದ್ದರೆ ಹೇಳಿ: ನಿಮಗೆ ಕೊನೆತನಕ ಕೂರಲು ಆಯಿತಾ, ಇಲ್ಲ ‘ನಾಯಿ ನೆರಳು’ ಹಾಕುವುದೇ ಒಳ್ಳೆಯದಾ?