ಪದಚರ್ಚೆ: ಗೂರಲು, ಉಬ್ಬಸ, ದಮ್ಮು – ಸಿಒಪಿಡಿಗೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ನಂಜನಗೂಡು ಕಡೆ ನಮ್ಮೂರಲ್ಲಿ ಒಂದು ಆರೋಗ್ಯ ಶಿಬಿರ ಇದೆ. ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಅದರ ಬಗ್ಗೆ ಒಂದು ಪುಟದ ಕರಪತ್ರ ಬರೆದುಕೊಡಿ ಅಂದರು, ಒಪ್ಪಿಕೊಂಡೆ. ಈಗ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಪತ್ರಿಕೆಗಳಲ್ಲಿ ಇದಕ್ಕೆ 'ದೀರ್ಘಕಾಲದ ಪ್ರತಿರೋಧಕ ಶ್ವಾಸಕೋಶ ಕಾಯಿಲೆ' ಅಂತ ಬರುತ್ತದೆ. ನಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. "ಪ್ರತಿರೋಧಕ ಅಂದ್ರೆ ಒಳ್ಳೇದಲ್ವೇನೋ? ಕೊರೋನಾ ಟೈಮಲ್ಲಿ ಟೀವೀಲಿ ರೋಗ ಪ್ರತಿರೋಧಕ ಶಕ್ತಿ ಜಾಸ್ತಿ ಮಾಡ್ಕೊಳ್ಳಿ ಅಂತಿದ್ರಲ್ಲ" ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನಿದೆ? 'ಅಡಚಣೆ' ಅಂತ ಬರೆದರೆ ಸ್ವಲ್ಪ ವಾಸಿ. ಆದರೂ ಅಡಚಣೆ ಯಾವ ಕಡೆಗೆ ಅನ್ನುವುದು ಅದರಲ್ಲಿಲ್ಲ. ಈ ಕಾಯಿಲೆಯಲ್ಲಿ ಮುಖ್ಯ ಕಷ್ಟ ಉಸಿರು ಎಳೆದುಕೊಳ್ಳುವುದರಲ್ಲಿ ಅಲ್ಲ, ಬಿಡುವುದರಲ್ಲಿ. ಹಳೆಯ ಗಾಳಿ ಒಳಗೇ ಉಳಿದುಬಿಡುತ್ತದೆ, ಹೊಸದಕ್ಕೆ ಜಾಗ ಇರುವುದಿಲ್ಲ.

ಇದರಲ್ಲಿ ಎರಡು ತೊಂದರೆಗಳು ಬೆರೆತಿರುತ್ತವೆ. ಒಬ್ಬೊಬ್ಬರಲ್ಲಿ ಒಂದೊಂದು ಜಾಸ್ತಿ. ಮೊದಲನೆಯದು ಬಿಡದ ಬ್ರಾಂಕೈಟಿಸ್: ಉಸಿರಿನ ಕೊಳವೆಗಳ ಒಳಮೈ ಊದಿ, ಕಫ ಕಟ್ಟಿ, ವರ್ಷಕ್ಕೆ ಮೂರು ತಿಂಗಳಾದರೂ ಕಫದ ಕೆಮ್ಮು, ಅದೂ ಸತತ ಎರಡು ವರ್ಷ. ನಮ್ಮೂರಲ್ಲಿ 'ಗೂರಲು' ಅಂದರೆ ಇದೇ. 'ಗೂರಲು ಮುದುಕ' ಅಂದಾಗ ಕಿವಿಗೆ ಬೀಳುವುದು ಆ ಕಫದ ಕೆಮ್ಮೇ. ಎರಡನೆಯದು ಎಂಫಿಸೀಮಾ. ಶ್ವಾಸಕೋಶದ ಸಣ್ಣ ಗಾಳಿಗೂಡುಗಳ ಗೋಡೆ ಹರಿದು, ಬಿಗಿ ಕಳೆದುಕೊಂಡು, ಹಳೇ ಬಲೂನಿನ ಹಾಗೆ ಜೋಲು ಬೀಳುತ್ತವೆ. ಆ ಗ್ರೀಕ್ ಪದದ ಮೂಲ ಅರ್ಥ 'ಒಳಗೆ ಊದು'. ನೋಡಿ, ಕನ್ನಡದ 'ಊದು'ಗೂ ಎರಡೂ ಅರ್ಥ ಇದೆ. ಕೊಳಲು ಊದುತ್ತೇವೆ, ಕಾಲು ಊದುತ್ತದೆ. ಹಾಗಾದರೆ 'ಉಬ್ಬಸ'ಕ್ಕೂ 'ಉಬ್ಬು'ವಿಗೂ ನಂಟಿದೆಯಾ? ಇದು ನನ್ನ ಮೊದಲ ಪ್ರಶ್ನೆ. ಇದ್ದರೆ ಸಿಒಪಿಡಿ ಅಂದರೆ ಗೂರಲು-ಉಬ್ಬಸ ಅಂತ ಜೋಡಿಪದ ಮಾಡಿಬಿಡಬಹುದು ಅನ್ನಿಸುತ್ತದೆ.

ತೊಡಕು ಇಷ್ಟೇ. ಜನ ಉಬ್ಬಸ ಅಂದರೆ ಅಸ್ತಮಾ ಅಂದುಕೊಳ್ಳುತ್ತಾರೆ. ಅಸ್ತಮಾ ಹೆಚ್ಚಾಗಿ ಚಿಕ್ಕಂದಿನಲ್ಲೇ ಶುರುವಾಗುತ್ತದೆ, ಬಂದು ಹೋಗುತ್ತದೆ, ಮದ್ದು ಹಾಕಿದರೆ ಕೊಳವೆ ಬಹುಮಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಸಿಒಪಿಡಿ ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ, ಕೊಳವೆ ಪೂರ್ತಿ ಬಿಚ್ಚುವುದೇ ಇಲ್ಲ. ಅದನ್ನು ಕಂಡುಹಿಡಿಯುವುದು ಸ್ಪೈರೋಮೀಟರಿನಲ್ಲಿ, ಅಂದರೆ ಊದಿದ ಉಸಿರನ್ನು ಅಳೆಯುವ ಯಂತ್ರದಲ್ಲಿ. ಕೊಳವೆ ಬಿಚ್ಚುವ ಮದ್ದು ಕೊಟ್ಟ ಮೇಲೂ, ಜೋರಾಗಿ ಊದಿದ ಪೂರ್ತಿ ಉಸಿರಿನಲ್ಲಿ ಮೊದಲ ಸೆಕೆಂಡಿಗೆ ನೂರಕ್ಕೆ 70ಕ್ಕಿಂತ ಕಡಿಮೆ ಹೊರಬಂದರೆ ಅನುಮಾನ ಗಟ್ಟಿಯಾಗುತ್ತದೆ. ನಾನು ಇದನ್ನು 'ಊದುವ ಪರೀಕ್ಷೆ' ಅಂತ ಬರೆದಿದ್ದೇನೆ. ದೊಡ್ಡಮ್ಮ ಆ ಪರೀಕ್ಷೆಗೆ ಹೋದಾಗ "ನಲವತ್ತು ವರ್ಷ ಊದುಕೊಳವೆ ಊದಿದೋಳಿಗೆ ಇದೇನು ಮಹಾ" ಅಂದಿದ್ದರು. ಮೂರನೇ ಸಲಕ್ಕೆ ಸುಸ್ತಾಗಿ ಕೂತುಬಿಟ್ಟರು.

ಅವರು ಬೀಡಿ ಮುಟ್ಟಿದವರಲ್ಲ. ಅವರ ಕಾಯಿಲೆಗೆ ಒಲೆಯ ಹೊಗೆಯೇ ಕಾರಣ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಲಭದ ಲೆಕ್ಕ ಇದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂರುತ್ತೀರೋ ಅದನ್ನು ವರ್ಷಗಳಿಂದ ಗುಣಿಸಿ. 60 ದಾಟಿದರೆ ಬಿಡದ ಬ್ರಾಂಕೈಟಿಸ್ಸಿನ ಅಪಾಯ ಏರುತ್ತದೆ. ದೊಡ್ಡಮ್ಮನದು ಮೂರು ಗಂಟೆ, ನಲವತ್ತು ವರ್ಷ. ಅಲ್ಲಿಗೆ 120. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆಗೂಡಿನ 'ಅಸ್ತ್ರ ಒಲೆ' ಮಾಡಿದ್ದು ಸುಮ್ನೆ ಅಲ್ಲ. ಗಣಿ, ಕಾರ್ಖಾನೆಗಳ ದೂಳೂ ಕಾರಣವಾಗುತ್ತದೆ. ಇನ್ನು ಬೀಡಿ, ಸಿಗರೇಟು ಹೇಳಬೇಕಾಗೇ ಇಲ್ಲ.

ಉತ್ತರ ಕರ್ನಾಟಕದ ಗೆಳೆಯರೊಬ್ಬರು 'ದಮ್ಮು' ಅಂತ ಬರಿ ಅಂದರು. ನನಗೆ ಆಸೆಯೇ. ಪಾರಸಿಯ 'ದಮ್' ಅಂದರೆ ಉಸಿರು. ನಮ್ಮಲ್ಲಿ ಅದು ಕಾಯಿಲೆಯೂ ಹೌದು, ಬೀಡಿಯ ಎಳೆತವೂ ಹೌದು, 'ದಮ್ಮಿದ್ರೆ ಬಾ' ಅನ್ನುವಾಗಿನ ಗುಂಡಿಗೆಯೂ ಹೌದು. ಆದರೆ 'ದಮ್ಮು ಬಿಡಿ' ಅಂತ ಬರೆದರೆ ಬೀಡಿ ಬಿಡಬೇಕೋ ಉಸಿರು ಬಿಡಬೇಕೋ?

ಚಿಕಿತ್ಸೆಯ ಭಾಗದಲ್ಲಿ ಇನ್ನೊಂದು ಪೇಚು. ಹರಿದ ಗೂಡು ಮತ್ತೆ ಕೂಡುವುದಿಲ್ಲ. ಹೊಗೆ ನಿಲ್ಲಿಸಿದರೆ ಸವೆತ ನಿಧಾನವಾಗುತ್ತದೆ, ಇನ್‌ಹೇಲರ್ ಕೊಳವೆ ಸಡಿಲಿಸುತ್ತದೆ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಕಾಯಿಲೆ ಕೆರಳುವುದನ್ನು ತಗ್ಗಿಸುತ್ತದೆ. ರಕ್ತದಲ್ಲಿ ಆಮ್ಲಜನಕ ತೀರಾ ಇಳಿದವರಿಗೆ ಮನೆಯಲ್ಲೇ ದಿನಕ್ಕೆ 15 ಗಂಟೆಯಾದರೂ ಆಕ್ಸಿಜನ್ ಬೇಕಾಗುತ್ತದೆ. ಇಲ್ಲಿ ಇನ್‌ಹೇಲರಿಗೆ ನಮ್ಮ ಕಡೆ 'ಪಂಪು' ಅಂತಾರೆ. 'ಹೊಡೆದುಕೊಳ್ಳಿ' ಅಂದರೆ ಗಂಟಲಿಗೆ ಹೊಡೆದುಕೊಂಡು ಸುಮ್ಮನಾಗುತ್ತಾರೆ, ಮದ್ದು ಎದೆಗೆ ಇಳಿಯುವುದಿಲ್ಲ. 'ಸೇದಿ' ಸರಿಯಾದ ಕ್ರಿಯಾಪದ. ನೀರು ಸೇದುವ ಹಾಗೆ, ಒಂದೇ ಸಮ ಎಳೆಯುವುದು. ಆದರೆ ಮೇಲಿನ ಸಾಲಿನಲ್ಲಿ 'ಸೇದಬೇಡಿ' ಅಂತ ಬರೆದು, ಕೆಳಗೆ 'ದಿನಾ ಎರಡು ಸಲ ಸೇದಿ' ಅಂದರೆ ಹೇಗೆ?

ನಿಮ್ಮ ಕಡೆ ಪಂಪಿಗೆ ಯಾವ ಕ್ರಿಯಾಪದ ಬಳಸುತ್ತೀರಿ? ಗೂರಲು ಅನ್ನುವುದು ಕಫದ ಕೆಮ್ಮಿಗೋ, ಏದುಸಿರಿಗೋ? ಕರಪತ್ರ ಮುಂದಿನ ಶುಕ್ರವಾರ ಅಚ್ಚಿಗೆ ಹೋಗಬೇಕು.