ಸಹಾಯ ಬೇಕು: ಮೈಸೂರಿನ ರಾತ್ರಿಗಳ ಬಗ್ಗೆ ಬಲ್ಲವರಿಂದ

ಮೈಸೂರಿನಲ್ಲಿ ನಡೆಯುವ ಒಂದು ಕಿರುಕಾದಂಬರಿ ಬರೆಯುತ್ತಿದ್ದೇನೆ. ಡಿಗ್ರಿ ಮುಗಿಸಿ, ಕೆಲಸವೂ ಇಲ್ಲದೆ, ಹುಡುಕುವ ಮನಸ್ಸೂ ಇಲ್ಲದೆ ತಿರುಗುವ ಮೂವರು ಗೆಳೆಯರ ಕಥೆ. ಸಂಜೆ ಕುಕ್ಕರಹಳ್ಳಿ ಕೆರೆಯ ಏರಿ, ಆಮೇಲೆ ಬಾರು, ಬಾರಿನ ಬಾಗಿಲು ಹಾಕಿದ ಮೇಲೆ ವರ್ತುಲ ರಸ್ತೆಯಲ್ಲಿ ಗೊತ್ತುಗುರಿಯಿಲ್ಲದ ಬೈಕ್ ಓಟ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಶುರುವಾಗುವ ಹೊತ್ತಿಗೆ ಇವರು ಮನೆಯ ದಾರಿ ಹಿಡಿಯುತ್ತಾರೆ.

ಕಥೆ ನಿಂತಿರುವುದು ಆಸ್ಪತ್ರೆಯ ಅಧ್ಯಾಯದಲ್ಲಿ. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಮೊದಲ ಕೆಲವು ದಿನಗಳಲ್ಲೇ ನಡುಕ, ಭ್ರಮೆ, ಕೆಲವೊಮ್ಮೆ ಫಿಟ್ಸ್ ಕಾಣಿಸಿಕೊಳ್ಳುತ್ತವೆ ಎಂಬುದು ಪುಸ್ತಕದಲ್ಲಿ ಸಿಗುತ್ತದೆ. ಆ ರಾತ್ರಿ ವಾರ್ಡಿನ ಹೊರಗೆ ಕುಳಿತ ತಾಯಿಗೆ ದಾದಿ ಏನು ಹೇಳುತ್ತಾರೆ ಎಂಬುದು ಸಿಗುವುದಿಲ್ಲ. ವ್ಯಸನಮುಕ್ತಿ ಕೇಂದ್ರದಲ್ಲಿ ದುಡಿದವರು ದಯವಿಟ್ಟು ತಿಳಿಸಿ. ಬಾರಿನ ಸಪ್ಲೈಯರ್‌ಗಳು, ರಾತ್ರಿ ಪಾಳಿಯ ಆಟೋ ಚಾಲಕರು ಹೇಳುವುದೂ ಬೇಕು; ಅವರು ಕಂಡಷ್ಟು ಬೇರೆ ಯಾರೂ ಕಂಡಿರುವುದಿಲ್ಲ.

ವಕೀಲರಿಗೆ ಒಂದು ಪ್ರಶ್ನೆ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪಡೆಯುವ ಮಾದಕವಸ್ತು ವ್ಯಸನಿಗೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ನ್ಯಾಯಾಲಯದಲ್ಲಿ ಅದನ್ನು ಕೇಳುವ ಕ್ರಮ ಹೇಗೆ?

‘ಇಂದಿನ ಯುವಕರು’ ಎಂದು ಆರಂಭವಾಗುವ ಉತ್ತರಗಳು ಬೇಡ. ಅವುಗಳನ್ನು ನಮ್ಮ ಮಾವನವರು ದಿನವೂ ಒದಗಿಸುತ್ತಿದ್ದಾರೆ. ಹೆಸರು ಹೇಳಲು ಇಷ್ಟವಿಲ್ಲದವರು ಖಾಸಗಿ ಸಂದೇಶ ಕಳುಹಿಸಬಹುದು.